ಸೂತ್ರವೇ ಸಂಖ್ಯೆಯಾದಾಗ: ಗ್ಯೋಡೆಲ್, ಛಂದಃಪ್ರಸ್ತಾರ ಮತ್ತು ಗೊಮ್ಮಟಸಾರ

ಆಧುನಿಕ ತರ್ಕಶಾಸ್ತ್ರದ ಇತಿಹಾಸದಲ್ಲಿ 1931ನೆಯ ವರ್ಷಕ್ಕೆ ವಿಶೇಷ ಸ್ಥಾನವುಂಟು. ವಿಯೆನ್ನಾದ ತರುಣ ವಿದ್ವಾಂಸ ಕುರ್ಟ್ ಗ್ಯೋಡೆಲ್ ಬರೆದ ಇಪ್ಪತ್ತಾರು ಪುಟಗಳ ಲೇಖನವೊಂದು ಆ ವರ್ಷ ಜರ್ಮನ್ ಭಾಷೆಯ ಗಣಿತ ಪತ್ರಿಕೆಯಲ್ಲಿ ಅಚ್ಚಾಯಿತು. ಅಂಕಗಣಿತವನ್ನು ಒಳಗೊಳ್ಳಬಲ್ಲ, ವಿರೋಧವಿಲ್ಲದ ಯಾವ ನಿಯಮಬದ್ಧ ವ್ಯವಸ್ಥೆಯನ್ನು ಕಟ್ಟಿದರೂ, ಆ ವ್ಯವಸ್ಥೆಯೊಳಗೆ ಸಾಧಿಸಲೂ ಆಗದ, ನಿರಾಕರಿಸಲೂ ಆಗದ ವಾಕ್ಯವೊಂದು ಉಳಿದೇ ಉಳಿಯುತ್ತದೆ ಎಂಬುದು ಅದರ ತಿರುಳು. ಈ ಫಲಿತಾಂಶ ಜಗತ್ಪ್ರಸಿದ್ಧವಾಗಿದೆ. ಆದರೆ ಅಲ್ಲಿಗೆ ತಲುಪಲು ಗ್ಯೋಡೆಲ್ ಬಳಸಿದ ಸಾಧನದ ಕಡೆಗೆ ಸಾಹಿತ್ಯದ ವಿದ್ಯಾರ್ಥಿಗಳ ಗಮನ ಹೋದದ್ದು ಕಡಿಮೆ. ಆ ಸಾಧನವೆಂದರೆ ತರ್ಕದ ಪ್ರತಿಯೊಂದು ಸೂತ್ರಕ್ಕೂ ಒಂದೊಂದು ಸ್ವಾಭಾವಿಕ ಸಂಖ್ಯೆಯನ್ನು ನಿಗದಿಪಡಿಸುವ ಸಂಕೇತಕ್ರಮ.

ಇದು ಗಣಿತಜ್ಞರಿಗೆ ಮೀಸಲಾದ ವಿಷಯವೆಂದು ಬದಿಗಿಡಲಾಗದು. ಒಂದು ಪದಸಂಯೋಜನೆಗೆ ಸಂಖ್ಯೆಯನ್ನು ಕೊಡುವುದು, ಸಂಖ್ಯೆಯಿಂದ ಮತ್ತೆ ಆ ಸಂಯೋಜನೆಯನ್ನು ಪಡೆಯುವುದು, ಇವೆರಡೂ ನಮ್ಮ ಛಂದಶ್ಶಾಸ್ತ್ರಕ್ಕೂ ಜೈನ ಸಿದ್ಧಾಂತ ಗ್ರಂಥಗಳಿಗೂ ಚಿರಪರಿಚಿತ. ಅಲ್ಲಿ ಇವುಗಳ ಹೆಸರು ಉದ್ದಿಷ್ಟ ಮತ್ತು ನಷ್ಟ. ಈ ಸಾಮ್ಯವನ್ನು ಕಂಡವರು ಎರಡು ತುದಿಗಳಿಗೆ ಹೋಗುವುದುಂಟು. ಗ್ಯೋಡೆಲನ ಆವಿಷ್ಕಾರವೆಲ್ಲ ನಮ್ಮ ಪೂರ್ವಾಚಾರ್ಯರಿಗೆ ಮೊದಲೇ ತಿಳಿದಿತ್ತೆನ್ನುವುದು ಒಂದು. ಅವನ ಪ್ರಮೇಯವು ಸ್ಯಾದ್ವಾದಕ್ಕೆ ದೊರೆತ ಗಣಿತದ ಮುದ್ರೆಯೆನ್ನುವುದು ಇನ್ನೊಂದು. ಎರಡೂ ಮಾತುಗಳು ಕೇಳಲು ಹಿತವಾಗಿವೆ. ಎರಡನ್ನೂ ಪರೀಕ್ಷಿಸದೆ ಒಪ್ಪಿದರೆ ಗ್ಯೋಡೆಲನಿಗೂ ಅನ್ಯಾಯ, ಆಚಾರ್ಯರಿಗೂ ಅನ್ಯಾಯ. ಆದಕಾರಣ ಮೊದಲು ಗ್ಯೋಡೆಲ್ ಮಾಡಿದ್ದೇನು ಎಂಬುದನ್ನು ತಿಳಿದು, ಬಳಿಕ ನಮ್ಮ ಪರಂಪರೆಯಲ್ಲಿ ನಿಜವಾಗಿ ಇರುವುದೇನು ಎಂಬುದನ್ನು ನೋಡುವುದು ಯುಕ್ತ.

ಲೈಬ್ನಿಟ್ಸನಿಂದ ಹಿಲ್ಬರ್ಟನವರೆಗೆ

ವಿಚಾರಗಳನ್ನು ಸಂಖ್ಯೆಗಳಾಗಿ ಬರೆಯುವ ಹಂಬಲ ಯೂರೋಪಿನಲ್ಲಿ ಹದಿನೇಳನೆಯ ಶತಮಾನದಷ್ಟು ಹಳೆಯದು. 1666ರಲ್ಲಿ ಸಂಯೋಜನೆಯ ಕಲೆಯನ್ನು ಕುರಿತು ಗ್ರಂಥ ಬರೆದ ಜರ್ಮನ್ ದಾರ್ಶನಿಕ ಲೈಬ್ನಿಟ್ಸ್, 1679ರ ತನ್ನ ಟಿಪ್ಪಣಿಗಳಲ್ಲಿ ಸರಳ ಪರಿಕಲ್ಪನೆಗಳಿಗೆ ಅಂಕಗಳನ್ನು ಕೊಟ್ಟು ಸಂಕೀರ್ಣ ಪರಿಕಲ್ಪನೆಗಳನ್ನು ಅವುಗಳ ಗುಣಲಬ್ಧವಾಗಿ ಬರೆಯಲು ಯತ್ನಿಸಿದ. ‘ಪ್ರಾಣಿ’ಗೆ 2, ‘ವಿವೇಕಿ’ಗೆ 3 ಎಂದಿಟ್ಟರೆ, ವಿವೇಕಿಯಾದ ಪ್ರಾಣಿಯಾದ ಮನುಷ್ಯನಿಗೆ 6. ‘ಮನುಷ್ಯನು ಪ್ರಾಣಿ’ ಎಂಬ ವಾಕ್ಯ ಸತ್ಯವೇ ಎಂದು ತಿಳಿಯಲು 6ನ್ನು 2 ನಿಶ್ಶೇಷವಾಗಿ ಭಾಗಿಸುತ್ತದೆಯೇ ಎಂದು ನೋಡಿದರೆ ಸಾಕು. ವಾದವನ್ನು ಲೆಕ್ಕವಾಗಿ ಮಾರ್ಪಡಿಸುವುದು ಅವನ ಕನಸು. ನಿಷೇಧವಾಕ್ಯಗಳನ್ನು ಅಳವಡಿಸುವಲ್ಲಿ ತೊಡಕು ಬಂದು ಆ ಯೋಜನೆ ಪೂರ್ಣಗೊಳ್ಳಲಿಲ್ಲ.

ಎರಡು ಶತಮಾನಗಳ ಅನಂತರ, 1879ರಲ್ಲಿ, ಫ್ರೇಗೆ ತರ್ಕಕ್ಕೊಂದು ಪರಿಪೂರ್ಣ ಸಂಜ್ಞಾಭಾಷೆಯನ್ನು ರೂಪಿಸಿದ. ಅಂಕಗಣಿತವನ್ನೆಲ್ಲ ತರ್ಕದ ನಿಯಮಗಳಿಂದಲೇ ಪಡೆಯಬಹುದೆಂಬುದು ಅವನ ನಂಬಿಕೆ. ಅವನ ಮಹಾಗ್ರಂಥದ ಎರಡನೆಯ ಸಂಪುಟ ಮುದ್ರಣದಲ್ಲಿದ್ದಾಗ, 1902ರ ಜೂನ್‌ನಲ್ಲಿ, ಬರ್ಟ್ರಂಡ್ ರಸೆಲ್ ಬರೆದ ಪತ್ರ ಆ ಕಟ್ಟಡದ ತಳಪಾಯದಲ್ಲಿದ್ದ ವಿರೋಧವನ್ನು ತೋರಿಸಿತು. ತನ್ನನ್ನು ತಾನು ಒಳಗೊಳ್ಳದ ಗಣಗಳೆಲ್ಲದರ ಗಣವು ತನ್ನನ್ನು ಒಳಗೊಳ್ಳುತ್ತದೆಯೇ, ಇಲ್ಲವೇ? ಹೌದೆಂದರೆ ಅಲ್ಲವಾಗುತ್ತದೆ, ಅಲ್ಲವೆಂದರೆ ಹೌದಾಗುತ್ತದೆ. ಈ ದೋಷವನ್ನು ಪರಿಹರಿಸಲು ರಸೆಲ್ ಮತ್ತು ವೈಟ್‌ಹೆಡ್ ಸೇರಿ 1910ರಿಂದ 1913ರ ಅವಧಿಯಲ್ಲಿ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ದ ಮೂರು ಸಂಪುಟಗಳನ್ನು ಹೊರತಂದರು. ಒಂದು ಮತ್ತು ಒಂದು ಸೇರಿ ಎರಡೆಂಬುದರ ದಾರಿ ಕಾಣಲು ಆ ಗ್ರಂಥದ ಓದುಗರು ಮುನ್ನೂರಕ್ಕೂ ಮಿಕ್ಕ ಪುಟಗಳನ್ನು ದಾಟಬೇಕು.

ಗ್ಯೋಟಿಂಗನ್ನಿನ ಡೇವಿಡ್ ಹಿಲ್ಬರ್ಟ್ ಇನ್ನೊಂದು ಮಾರ್ಗ ಹಿಡಿದ. ಸೂತ್ರಗಳಿಗೆ ಅರ್ಥವುಂಟೆಂಬುದನ್ನು ಕ್ಷಣಕಾಲ ಮರೆತು, ಅವನ್ನು ಕಾಗದದ ಮೇಲಿನ ಗೆರೆಗಳ ಸಾಲೆಂದಷ್ಟೇ ನೋಡೋಣ. ಚದುರಂಗದ ಕಾಯಿಗಳ ನಡೆಯಂತೆ ಒಂದು ಸಾಲಿನಿಂದ ಇನ್ನೊಂದನ್ನು ಪಡೆಯುವ ನಿಯಮಗಳನ್ನು ಪರಿಶೀಲಿಸೋಣ. ಆ ಆಟದಲ್ಲಿ ಪರಸ್ಪರ ವಿರುದ್ಧವಾದ ಎರಡು ಸಾಲುಗಳು ಎಂದೂ ದೊರೆಯವೆಂದು ಸರಳವಾದ ಎಣಿಕೆಯ ಯುಕ್ತಿಗಳಿಂದಲೇ ಸಾಧಿಸೋಣ. ಇದು ಅವನ ಯೋಜನೆ. ಗಣಿತವನ್ನು ಕುರಿತ ಈ ಗಣಿತಕ್ಕೆ ಅಧಿಗಣಿತವೆಂದು ಹೆಸರು.

1930ರ ಸೆಪ್ಟೆಂಬರ್ 5ರಿಂದ 7ರವರೆಗೆ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ ನಡೆದ ವಿದ್ವತ್ಸಭೆಯ ಕೊನೆಯ ದಿನದ ಚರ್ಚೆಯಲ್ಲಿ, ಇಪ್ಪತ್ತನಾಲ್ಕು ವರ್ಷದ ಗ್ಯೋಡೆಲ್ ಒಂದೆರಡು ವಾಕ್ಯಗಳಲ್ಲಿ ತನ್ನ ಶೋಧವನ್ನು ಸೂಚಿಸಿದ. ಅದರ ಗುರುತ್ವವನ್ನು ಒಡನೆಯೇ ಗ್ರಹಿಸಿದವನು ಜಾನ್ ಫಾನ್ ನಾಯ್ಮನ್. ವಿಧಿಯ ವಿಪರ್ಯಾಸವೆಂಬಂತೆ, ಮರುದಿನ ಅದೇ ನಗರದಲ್ಲಿ ಹಿಲ್ಬರ್ಟ್ ಮಾಡಿದ ಭಾಷಣ, ವಿಜ್ಞಾನದಲ್ಲಿ ಬಿಡಿಸಲಾಗದ ಪ್ರಶ್ನೆಯೇ ಇಲ್ಲವೆಂದು ಘೋಷಿಸಿತು. ನವೆಂಬರ್ 17ರಂದು ಗ್ಯೋಡೆಲನ ಲೇಖನ ಪತ್ರಿಕೆಯನ್ನು ತಲುಪಿತು.

ಗ್ಯೋಡೆಲನ ಸಂಕೇತಕ್ರಮ

ಗ್ಯೋಡೆಲ್ ಆರಿಸಿಕೊಂಡ ಭಾಷೆಯಲ್ಲಿ ಮೂಲ ಸಂಜ್ಞೆಗಳು ಏಳೇ. ಸೊನ್ನೆಯ ಸಂಜ್ಞೆಗೆ 1, ‘ಮುಂದಿನ ಸಂಖ್ಯೆ’ ಎಂಬ ಸಂಜ್ಞೆಗೆ 3, ನಿಷೇಧಕ್ಕೆ 5, ‘ಅಥವಾ’ ಎಂಬುದಕ್ಕೆ 7, ‘ಎಲ್ಲಕ್ಕೂ’ ಎಂಬುದಕ್ಕೆ 9, ಎಡ ಮತ್ತು ಬಲ ಆವರಣಗಳಿಗೆ 11 ಹಾಗೂ 13 ಎಂದು ಅವನು ಅಂಕಗಳನ್ನು ಹಂಚಿದ. ಚರಾಕ್ಷರಗಳಿಗೆ 13ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಗಳೂ ಅವುಗಳ ಘಾತಗಳೂ ಮೀಸಲಾದವು. ಇಷ್ಟಾದರೆ ಪ್ರತಿ ಸೂತ್ರವೂ ಅಂಕಗಳ ಒಂದು ಸಾಲಾಗುತ್ತದೆ. ಈ ಸಾಲನ್ನು ಒಂದೇ ಸಂಖ್ಯೆಯಾಗಿ ಹೆಣೆಯಲು ಅವನು ಅವಿಭಾಜ್ಯ ಸಂಖ್ಯೆಗಳಾದ 2, 3, 5, 7 ಮುಂತಾದವನ್ನು ಕ್ರಮವಾಗಿ ತೆಗೆದುಕೊಂಡು, ಮೊದಲನೆಯ ಅಂಕವನ್ನು 2ರ ಘಾತವಾಗಿ, ಎರಡನೆಯದನ್ನು 3ರ ಘಾತವಾಗಿ, ಮೂರನೆಯದನ್ನು 5ರ ಘಾತವಾಗಿ ಏರಿಸಿ ಎಲ್ಲವನ್ನೂ ಗುಣಿಸಿದ.

ಒಂದು ಉದಾಹರಣೆ. ಈ ಭಾಷೆಯಲ್ಲಿ ‘ಎರಡು’ ಎಂಬುದನ್ನು ‘ಸೊನ್ನೆಯ ಮುಂದಿನದರ ಮುಂದಿನದು’ ಎಂದು ಮೂರು ಸಂಜ್ಞೆಗಳಲ್ಲಿ ಬರೆಯುತ್ತಾರೆ. ಅವುಗಳ ಅಂಕಗಳು 3, 3, 1. ಆಗ ಸಂಕೇತಸಂಖ್ಯೆ 2³ × 3³ × 5¹, ಅಂದರೆ 8 × 27 × 5 = 1080. ಹಿಂದಿರುಗುವ ದಾರಿಯೂ ಅಷ್ಟೇ ನಿಶ್ಚಿತ. 1080ನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆದರೆ ಮೂರು ಎರಡುಗಳು, ಮೂರು ಮೂರುಗಳು, ಒಂದು ಐದು ದೊರೆಯುತ್ತವೆ. ಬೇರೊಂದು ಬಗೆಯಲ್ಲಿ ಅದನ್ನು ಒಡೆಯಲಾಗದು. ಆದ್ದರಿಂದ 3, 3, 1 ಎಂಬ ಸಾಲು ಮಾತ್ರ ಹೊರಬರುತ್ತದೆ. ಪ್ರತಿಯೊಂದು ಸಂಖ್ಯೆಯನ್ನೂ ಅವಿಭಾಜ್ಯಗಳಾಗಿ ಒಂದೇ ಬಗೆಯಲ್ಲಿ ಒಡೆಯಬಹುದೆಂಬ ಪುರಾತನ ಸತ್ಯವೇ ಈ ಸಂಕೇತಕ್ಕೆ ಬೀಗವೂ ಹೌದು, ಕೀಲಿಕೈಯೂ ಹೌದು. ಸಾಧನೆಯೆಂದರೆ ಸೂತ್ರಗಳ ಸಾಲು. ಆ ಸೂತ್ರಗಳ ಸಂಖ್ಯೆಗಳನ್ನು ಮತ್ತೆ ಇದೇ ರೀತಿ ಘಾತಗಳಾಗಿ ಏರಿಸಿದರೆ ಇಡೀ ಸಾಧನೆಗೂ ಒಂದು ಸಂಖ್ಯೆ ಬರುತ್ತದೆ.

ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ಆ ಮೂರು ಸಂಜ್ಞೆಗಳ ಅರ್ಥ 2. ಅವುಗಳ ಸಂಕೇತ 1080. ಅಭಿಧೇಯ ಬೇರೆ, ಅಭಿಧಾನ ಬೇರೆ, ಅಭಿಧಾನಕ್ಕೆ ಪ್ರತಿನಿಧಿಯಾಗಿ ನಿಂತದ್ದು ಮತ್ತೂ ಬೇರೆ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ ಹೇಳುವ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಬಲ್ಲವರಿಗೆ ಈ ವಿವೇಕ ಹೊಸದೇನಲ್ಲ. ಆಕಾರದ ಹೋಲಿಕೆಯಿಲ್ಲದಿದ್ದರೂ ಚದುರಂಗದ ಕಾಯಿಯನ್ನು ‘ಇದು ರಾಜ’ ಎಂದು ಇಡುವುದು ಅತದಾಕಾರ ಸ್ಥಾಪನೆ. ಸೂತ್ರವೊಂದಕ್ಕೆ 1080 ಎಂಬ ಸಂಖ್ಯೆಯನ್ನು ಇಡುವುದೂ ಅದೇ ಜಾತಿಯ ವ್ಯವಹಾರ. ಗ್ಯೋಡೆಲನ ಯುಕ್ತಿಯನ್ನು ಹಿಂಬಾಲಿಸುವಾಗ ತಪ್ಪುವವರು ಬಹುಮಟ್ಟಿಗೆ ಎಡವುವುದು ಇಲ್ಲಿಯೇ: ಭಾವವನ್ನು ಸ್ಥಾಪನೆಯೆಂದೋ, ಸ್ಥಾಪನೆಯನ್ನು ಭಾವವೆಂದೋ ತಿಳಿಯುವುದರಲ್ಲಿ.

ತನ್ನನ್ನು ಕುರಿತು ನುಡಿಯುವ ವಾಕ್ಯ

ಸಂಖ್ಯೆ ಕೊಟ್ಟದ್ದು ಮೊದಲ ಹೆಜ್ಜೆ ಮಾತ್ರ. ‘ಈ ಸಾಲು ಸರಿಯಾಗಿ ರಚಿತವಾದ ಸೂತ್ರ’, ‘ಈ ಸೂತ್ರ ಆ ಸೂತ್ರದಿಂದ ನೇರವಾಗಿ ಫಲಿಸುತ್ತದೆ’ ಎಂಬ ಅಧಿಗಣಿತದ ಮಾತುಗಳೆಲ್ಲ ಈಗ ಸಂಖ್ಯೆಗಳ ನಡುವಣ ಸಂಬಂಧಗಳಾಗುತ್ತವೆ. ‘ಸೂತ್ರವು ನಿಷೇಧದಿಂದ ಮೊದಲಾಗುತ್ತದೆ’ ಎಂಬುದು ‘ಸಂಖ್ಯೆಯನ್ನು 2ರಿಂದ ಸರಿಯಾಗಿ ಐದು ಬಾರಿ ಭಾಗಿಸಬಹುದು’ ಎಂದಾಗುತ್ತದೆ. ಗ್ಯೋಡೆಲ್ ತನ್ನ ಲೇಖನದಲ್ಲಿ ಹೀಗೆ 46 ವ್ಯಾಖ್ಯೆಗಳನ್ನು ಒಂದರ ಮೇಲೊಂದಾಗಿ ಜೋಡಿಸಿದ. ಮೊದಲಿನ 45 ವ್ಯಾಖ್ಯೆಗಳನ್ನು ಮಿತಿಯುಳ್ಳ ಲೆಕ್ಕದಿಂದ ಪರೀಕ್ಷಿಸಬಹುದು; 45ನೆಯದು ‘ಈ ಸಂಖ್ಯೆಯ ಸಾಲು ಆ ಸಂಖ್ಯೆಯ ಸೂತ್ರದ ಸಾಧನೆ’ ಎಂಬುದು. 46ನೆಯದು ‘ಈ ಸೂತ್ರಕ್ಕೆ ಸಾಧನೆಯೊಂದು ಉಂಟು’ ಎಂಬುದು. ಇದಕ್ಕೆ ಮಾತ್ರ ಹುಡುಕಾಟದ ಮಿತಿಯಿಲ್ಲ. ಗ್ಯೋಡೆಲನ ಶೋಧದ ಬೀಜವಿರುವುದು ಈ ಕೊನೆಯ ಹೆಜ್ಜೆಯಲ್ಲಿ.

ಇಂತಹ ಸಂಬಂಧಗಳನ್ನು ಕೂಡುವುದು, ಗುಣಿಸುವುದು ಎಂಬೆರಡು ಕ್ರಿಯೆಗಳಲ್ಲೇ ಹೇಳಬಹುದೆಂದು ತೋರಿಸಲು ಗ್ಯೋಡೆಲ್ ಶೇಷಗಳನ್ನು ಕುರಿತ ಒಂದು ಹಳೆಯ ಪ್ರಮೇಯವನ್ನು ಬಳಸಿದ. ಬೇರೆ ಬೇರೆ ಭಾಜಕಗಳಿಂದ ಭಾಗಿಸಿದಾಗ ಗೊತ್ತಾದ ಶೇಷಗಳನ್ನು ಉಳಿಸುವ ಸಂಖ್ಯೆಯೊಂದು ಉಂಟೆಂಬುದು ಅದರ ಸಾರ. ಇಂದು ಇದನ್ನು ಚೀನೀ ಶೇಷ ಪ್ರಮೇಯವೆನ್ನುತ್ತಾರೆ. ಆರ್ಯಭಟನ ಕುಟ್ಟಕವೂ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ವಿಸ್ತರಿಸಿದ ಕುಟ್ಟೀಕಾರವೂ ಇದೇ ಕ್ಷೇತ್ರದ ಲೆಕ್ಕಗಳು. ಗ್ಯೋಡೆಲ್ ಅವನ್ನು ಓದಿರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಸಂಖ್ಯೆಗಳ ಒಂದೇ ಸ್ವಭಾವವನ್ನು ಬೇರೆ ಬೇರೆ ನಾಡಿನವರು ಬೇರೆ ಬೇರೆ ಪ್ರಯೋಜನಕ್ಕಾಗಿ ಕಂಡುಕೊಂಡರೆಂಬುದಷ್ಟೇ ಇಲ್ಲಿ ಹೇಳಬಹುದಾದ ಮಾತು.

ಈಗ ನಿರ್ಣಾಯಕ ಹೆಜ್ಜೆ. ಒಂದು ತೆರವುಳ್ಳ ಸೂತ್ರವನ್ನು ಕಲ್ಪಿಸಿಕೊಳ್ಳೋಣ: ‘ಈ ತೆರವಿನಲ್ಲಿಟ್ಟ ಸಂಖ್ಯೆ ಯಾವ ಸೂತ್ರದ್ದೋ, ಆ ಸೂತ್ರದ ತೆರವಿನಲ್ಲಿ ಅದರದೇ ಸಂಖ್ಯೆಯನ್ನು ತುಂಬಿದಾಗ ದೊರೆಯುವ ವಾಕ್ಯಕ್ಕೆ ಸಾಧನೆಯಿಲ್ಲ.’ ಈ ಸೂತ್ರಕ್ಕೂ ಒಂದು ಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆಯನ್ನೇ ತಂದು ಇದರ ತೆರವಿನಲ್ಲಿ ತುಂಬಿದರೆ ತೆರವಿಲ್ಲದ ವಾಕ್ಯವೊಂದು ಸಿದ್ಧವಾಗುತ್ತದೆ. ಅದು ಯಾವ ವಾಕ್ಯಕ್ಕೆ ಸಾಧನೆಯಿಲ್ಲವೆನ್ನುತ್ತದೆ? ಆ ಸೂತ್ರದಲ್ಲಿ ಅದರದೇ ಸಂಖ್ಯೆಯನ್ನು ತುಂಬಿದಾಗ ದೊರೆಯುವ ವಾಕ್ಯಕ್ಕೆ, ಎಂದರೆ ತನಗೇ. ‘ನಾನು’, ‘ಇದು’ ಎಂಬ ಸರ್ವನಾಮಗಳ ನೆರವಿಲ್ಲದೆ, ಕೇವಲ ಸಂಖ್ಯೆಗಳ ಮೂಲಕ, ಅಂಕಗಣಿತದ ವಾಕ್ಯವೊಂದು ತನ್ನ ಅಸಾಧಿತತೆಯನ್ನು ತಾನೇ ನುಡಿಯಿತು.

ಆ ವಾಕ್ಯವನ್ನು ವ್ಯವಸ್ಥೆ ಸಾಧಿಸಿದರೆ, ಅದು ‘ಸಾಧನೆಯಿಲ್ಲ’ ಎನ್ನುತ್ತಿರುವುದನ್ನು ಸಾಧಿಸಿ ವಿರೋಧಕ್ಕೆ ಸಿಲುಕುತ್ತದೆ. ಅದರ ನಿಷೇಧವನ್ನು ಸಾಧಿಸಿದರೆ, ಇಲ್ಲದ ಸಾಧನೆಯೊಂದು ಇದೆಯೆಂದು ನುಡಿದಂತಾಗುತ್ತದೆ. ಈ ಎರಡನೆಯ ಭಾಗಕ್ಕೆ ಗ್ಯೋಡೆಲ್ ಅಪೇಕ್ಷಿಸಿದ ನಿಬಂಧನೆ ತುಸು ಹೆಚ್ಚಿನದಾಗಿತ್ತು. 1936ರಲ್ಲಿ ರೋಸರ್ ಬೇರೊಂದು ವಾಕ್ಯವನ್ನು ರಚಿಸಿ, ವಿರೋಧವಿಲ್ಲದಿರುವಿಕೆಯೊಂದೇ ಸಾಕೆಂದು ತೋರಿಸಿದ. ಇದರ ಬೆನ್ನಿಗೇ, ಅಂತಹ ವ್ಯವಸ್ಥೆ ತನ್ನಲ್ಲಿ ವಿರೋಧವಿಲ್ಲವೆಂಬುದನ್ನು ತಾನೇ ಸಾಧಿಸಲಾರದು ಎಂಬ ಎರಡನೆಯ ಪ್ರಮೇಯವೂ ಫಲಿಸಿತು. ಹಿಲ್ಬರ್ಟನ ಯೋಜನೆ ಅದರ ಮೂಲರೂಪದಲ್ಲಿ ಅಲ್ಲಿಗೆ ನಿಂತಿತು.

ಛಂದಶ್ಶಾಸ್ತ್ರದ ನಷ್ಟ ಮತ್ತು ಉದ್ದಿಷ್ಟ

ಪಿಂಗಳನಿಂದ ಮೊದಲಾದ ಛಂದಶ್ಶಾಸ್ತ್ರಪರಂಪರೆಯಲ್ಲಿ ಪ್ರಸ್ತಾರ, ನಷ್ಟ, ಉದ್ದಿಷ್ಟ ಮುಂತಾದ ಪ್ರತ್ಯಯಗಳು ಪ್ರಸಿದ್ಧ. ಕನ್ನಡ ನಾಡಿನ ಜೈನ ಲಾಕ್ಷಣಿಕ ಜಯಕೀರ್ತಿಯ ‘ಛಂದೋನುಶಾಸನ’ದಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯಲ್ಲಿಯೂ ಇವುಗಳ ನಿರೂಪಣೆಯಿದೆ. ಗುರು ಲಘುಗಳ ಎಲ್ಲ ಸಂಯೋಜನೆಗಳನ್ನೂ ನಿಯತಕ್ರಮದಲ್ಲಿ ಬರೆಯುವುದು ಪ್ರಸ್ತಾರ. ಮೂರಕ್ಷರದ ಪ್ರಸ್ತಾರದಲ್ಲಿ ಮ, ಯ, ರ, ಸ, ತ, ಜ, ಭ, ನ ಗಣಗಳು ಈ ಕ್ರಮದಲ್ಲೇ ಒಂದರಿಂದ ಎಂಟರವರೆಗಿನ ಸ್ಥಾನಗಳಲ್ಲಿ ನಿಲ್ಲುತ್ತವೆ.

ಸ್ಥಾನಸಂಖ್ಯೆ ಗೊತ್ತಿದ್ದು ರೂಪ ಅಳಿಸಿಹೋಗಿದ್ದರೆ ಅದನ್ನು ಪಡೆಯುವುದು ನಷ್ಟ. ಸಂಖ್ಯೆ ಸಮವಾಗಿದ್ದರೆ ಲಘುವನ್ನು ಬರೆದು ಅರ್ಧಿಸಬೇಕು. ವಿಷಮವಾಗಿದ್ದರೆ ಗುರುವನ್ನು ಬರೆದು, ಒಂದನ್ನು ಕೂಡಿ ಅರ್ಧಿಸಬೇಕು. ಆರನೆಯ ಗಣ ಯಾವುದು? 6 ಸಮ, ಲಘು; ಅರ್ಧ 3. ಅದು ವಿಷಮ, ಗುರು. ಒಂದು ಕೂಡಿ ಅರ್ಧಿಸಿದರೆ 2. ಅದು ಸಮ, ಲಘು. ಲಘು ಗುರು ಲಘು, ಅಂದರೆ ಜಗಣ. ರೂಪ ಗೊತ್ತಿದ್ದು ಸ್ಥಾನವನ್ನು ತಿಳಿಯುವುದು ಉದ್ದಿಷ್ಟ. ಅಕ್ಷರಗಳ ಮೇಲೆ ಕ್ರಮವಾಗಿ 1, 2, 4, 8 ಎಂದು ಇಮ್ಮಡಿಸುತ್ತ ಬರೆದು, ಲಘುಗಳ ಮೇಲಿನ ಅಂಕಗಳನ್ನು ಕೂಡಿ ಒಂದು ಸೇರಿಸಿದರಾಯಿತು.

ಪಂಪ ರನ್ನರನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದ ಉತ್ಪಲಮಾಲೆಯನ್ನು ತೆಗೆದುಕೊಳ್ಳೋಣ. ಭ, ರ, ನ, ಭ, ಭ, ರ ಗಣಗಳ ಮೇಲೆ ಒಂದು ಲಘು, ಒಂದು ಗುರು. ಒಟ್ಟು 20 ಅಕ್ಷರಗಳ ಕೃತಿ ಛಂದಸ್ಸು. ಇದರ ಲಘುಗಳ ಮೇಲಿನ ಅಂಕಗಳನ್ನು ಕೂಡಿದರೆ 3,55,798; ಒಂದು ಸೇರಿಸಿದರೆ 3,55,799. ಕೃತಿ ಛಂದಸ್ಸಿನ 10,48,576 ರೂಪಗಳಲ್ಲಿ ಉತ್ಪಲಮಾಲೆಯದು 3,55,799ನೆಯ ಸ್ಥಾನ. ಹತ್ತು ಲಕ್ಷಕ್ಕೂ ಮೀರಿದ ಆ ಪಟ್ಟಿಯನ್ನು ಬರೆಯದೆಯೇ ಅದರೊಳಗಣ ಯಾವ ಸಾಲನ್ನಾದರೂ ತಲುಪಬಹುದೆಂಬುದೇ ಈ ಪ್ರತ್ಯಯಗಳ ಹಿರಿಮೆ.

ಗೊಮ್ಮಟಸಾರದ ಪ್ರಮಾದಪ್ರಸ್ತಾರ

ಛಂದಸ್ಸಿನ ಈ ವಿಧಾನವನ್ನು ಛಂದಸ್ಸಿನಾಚೆಗೆ ಒಯ್ದು ಸಾಮಾನ್ಯೀಕರಿಸಿದ ಗ್ರಂಥವೊಂದು ನಮ್ಮ ನಾಡಿನೊಂದಿಗೆ ನಿಕಟ ಸಂಬಂಧವುಳ್ಳದ್ದು. ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ, ಪ್ರಮತ್ತವಿರತ ಗುಣಸ್ಥಾನದ ಪ್ರಸಂಗದಲ್ಲಿ, ಹದಿನೈದು ಪ್ರಮಾದಗಳ ವಿಚಾರ ಬರುತ್ತದೆ. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಎಂಬ ನಾಲ್ಕು ವಿಕಥೆಗಳು, ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ, ಪ್ರಣಯ. ಒಂದೊಂದು ವರ್ಗದಿಂದ ಒಂದೊಂದನ್ನು ತೆಗೆದು ಸೇರಿಸಿದರೆ 4 × 4 × 5 × 1 × 1 = 80 ಭಂಗಗಳಾಗುತ್ತವೆ. ಇವುಗಳನ್ನು ವಿವೇಚಿಸಲು ಆಚಾರ್ಯರು ಸಂಖ್ಯೆ, ಪ್ರಸ್ತಾರ, ಪರಿವರ್ತನ, ನಷ್ಟ, ಸಮುದ್ದಿಷ್ಟ ಎಂಬ ಐದು ಪ್ರಕಾರಗಳನ್ನು ಹೇಳುತ್ತಾರೆ. ಪ್ರಸ್ತಾರದ ಕ್ರಮ ಎರಡು ಬಗೆಯದೆಂಬುದನ್ನೂ ತಿಳಿಸುತ್ತಾರೆ.

ವಿಕಥೆಗಳು ಮೊದಲು ಬದಲಾಗುವ ಕ್ರಮವನ್ನು ಹಿಡಿದು 35ನೆಯ ಭಂಗವನ್ನು ಹುಡುಕೋಣ. 35ನ್ನು ವಿಕಥೆಗಳ ಪ್ರಮಾಣವಾದ 4ರಿಂದ ಭಾಗಿಸಿದರೆ ಭಾಗಲಬ್ಧ 8, ಶೇಷ 3. ಮೂರನೆಯ ವಿಕಥೆ ರಾಷ್ಟ್ರಕಥೆ. ಭಾಗಲಬ್ಧಕ್ಕೆ ಒಂದು ಕೂಡಿದರೆ 9. ಅದನ್ನು ಕಷಾಯಗಳ 4ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 1. ಮೊದಲ ಕಷಾಯ ಕ್ರೋಧ. ಮತ್ತೆ ಒಂದು ಕೂಡಿದರೆ 3. ಇಂದ್ರಿಯಗಳು ಐದಾದ್ದರಿಂದ ಶೇಷ 3. ಮೂರನೆಯ ಇಂದ್ರಿಯ ಘ್ರಾಣ. ಹೀಗೆ ಘ್ರಾಣೇಂದ್ರಿಯವಶನಾದ, ಕ್ರೋಧಿಯಾದ, ರಾಷ್ಟ್ರಕಥಾಲಾಪಿಯಾದ ಪ್ರಮತ್ತನದು 35ನೆಯ ಭಂಗ. ಶೇಷ ಸೊನ್ನೆಯಾದಲ್ಲಿ ವರ್ಗದ ಕೊನೆಯದನ್ನು ತೆಗೆದುಕೊಳ್ಳಬೇಕು, ಭಾಗಲಬ್ಧಕ್ಕೆ ಒಂದನ್ನು ಕೂಡಬಾರದು.

ಸಮುದ್ದಿಷ್ಟಕ್ಕೆ ಇದರ ವಿಲೋಮಮಾರ್ಗ. ಒಂದನ್ನು ಸ್ಥಾಪಿಸಿ ಇಂದ್ರಿಯಗಳ 5ರಿಂದ ಗುಣಿಸಿ, ಘ್ರಾಣದ ಮುಂದೆ ಉಳಿದ ಎರಡನ್ನು ಕಳೆದರೆ 3. ಅದನ್ನು 4ರಿಂದ ಗುಣಿಸಿ, ಕ್ರೋಧದ ಮುಂದಿನ ಮೂರನ್ನು ಕಳೆದರೆ 9. ಮತ್ತೆ 4ರಿಂದ ಗುಣಿಸಿ, ರಾಷ್ಟ್ರಕಥೆಯ ಮುಂದಿನ ಒಂದನ್ನು ಕಳೆದರೆ 35. ಹೊರಟಲ್ಲಿಗೇ ಬಂದು ಸೇರಿದೆವು.

ಛಂದಸ್ಸಿನಲ್ಲಿ ಪ್ರತಿ ಸ್ಥಾನಕ್ಕೂ ಗುರು, ಲಘು ಎಂಬ ಎರಡೇ ಆಯ್ಕೆ. ಇಲ್ಲಿ ಒಂದು ಸ್ಥಾನಕ್ಕೆ ನಾಲ್ಕು, ಇನ್ನೊಂದಕ್ಕೆ ಐದು. ಸ್ಥಾನದಿಂದ ಸ್ಥಾನಕ್ಕೆ ಆಧಾರವೇ ಬದಲಾಗುವ ಈ ಎಣಿಕೆ ಇಂದಿನ ಗಣಿತದಲ್ಲಿ ಮಿಶ್ರಾಧಾರ ಪದ್ಧತಿಯೆನಿಸುತ್ತದೆ. ಕೇಶವವರ್ಣಿಯು 1359ರಲ್ಲಿ ಗೊಮ್ಮಟಸಾರಕ್ಕೆ ಬರೆದ ಕನ್ನಡ ವೃತ್ತಿ ಇಂತಹ ಗಣನೆಗಳನ್ನು ಅರಿಯಲು ಮುಖ್ಯ ಆಕರ. ಸಂಸ್ಕೃತದ ‘ಜೀವತತ್ತ್ವಪ್ರದೀಪಿಕೆ’ಗೆ ಈ ಕನ್ನಡ ವೃತ್ತಿಯೇ ಆಧಾರವೆಂದು ಆ.ನೇ. ಉಪಾಧ್ಯೆಯವರು ಸ್ಥಾಪಿಸಿದ್ದಾರೆ. ಕನ್ನಡದಲ್ಲಿ ಮೊದಲು ಬರೆದು ಸಂಸ್ಕೃತಕ್ಕೆ ಹೋದ ಶಾಸ್ತ್ರಗ್ರಂಥವೆಂಬ ಕಾರಣಕ್ಕಾದರೂ ಅದು ನಮ್ಮ ಸಂಶೋಧಕರ ಮೇಜಿನ ಮೇಲೆ ಇರತಕ್ಕದ್ದು.

ಸಾಮ್ಯವೆಲ್ಲಿ, ಭೇದವೆಲ್ಲಿ

ರೂಪದಿಂದ ಸಂಖ್ಯೆಗೆ, ಸಂಖ್ಯೆಯಿಂದ ರೂಪಕ್ಕೆ ಸಂದೇಹವಿಲ್ಲದೆ ಹೋಗಿ ಬರುವುದು ಎರಡೂ ಕಡೆ ಸಮಾನ. ರೂಪವು ಏನನ್ನು ಸೂಚಿಸುತ್ತದೆಂಬುದನ್ನು ಬದಿಗಿಟ್ಟು ಅದರ ಜೋಡಣೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಸಮಾನ. ಇಷ್ಟನ್ನು ನಿಸ್ಸಂಕೋಚವಾಗಿ ಹೇಳಬಹುದು.

ಭೇದಗಳು ಮೂರು. ಮೊದಲನೆಯದು ಉದ್ದದ್ದು. ಮೂರಕ್ಷರದ ಪ್ರಸ್ತಾರದಲ್ಲಿ 6 ಎಂದರೆ ಲಘು ಗುರು ಲಘು. ನಾಲ್ಕಕ್ಷರದ ಪ್ರಸ್ತಾರದಲ್ಲಿ ಅದೇ 6 ಎಂದರೆ ಲಘು ಗುರು ಲಘು ಗುರು. ಯಾವ ಛಂದಸ್ಸೆಂಬುದನ್ನು ಪ್ರತ್ಯೇಕವಾಗಿ ಹೇಳದಿದ್ದರೆ ಸಂಖ್ಯೆಯೊಂದೇ ಸಾಲದು. ಗ್ಯೋಡೆಲನ 1080 ತನ್ನ ಉದ್ದವನ್ನೂ ತನ್ನೊಳಗೇ ಹೊತ್ತಿರುತ್ತದೆ. ಎರಡನೆಯದು ಮಿತಿಯದ್ದು. ಪ್ರಮಾದಭಂಗಗಳು 80, 26 ಅಕ್ಷರಗಳ ಉತ್ಕೃತಿಯ ರೂಪಗಳು 6,71,08,864. ಎಷ್ಟೇ ದೊಡ್ಡದಾದರೂ ಇವು ಮುಗಿಯುವ ಪಟ್ಟಿಗಳು. ಸೂತ್ರಗಳಿಗೂ ಸಾಧನೆಗಳಿಗೂ ಕೊನೆಯಿಲ್ಲ.

ಮೂರನೆಯದೇ ಮುಖ್ಯ. ಛಂದಶ್ಶಾಸ್ತ್ರದಲ್ಲಿ ಸಂಖ್ಯೆಯು ವೃತ್ತವನ್ನು ಸೂಚಿಸುತ್ತದೆ. ಆದರೆ ವೃತ್ತವು ಸಂಖ್ಯೆಗಳನ್ನು ಕುರಿತ ಮಾತಲ್ಲ. ಗ್ಯೋಡೆಲನಲ್ಲಿ ಸಂಕೇತವೂ ಸಂಖ್ಯೆ, ಸೂತ್ರದ ವಿಷಯವೂ ಸಂಖ್ಯೆ. ಆದ್ದರಿಂದಲೇ ಭಾಷೆಯು ತನ್ನೆಡೆಗೆ ತಿರುಗುವ ದಾರಿ ತೆರೆಯಿತು. ಈ ದೃಷ್ಟಿಯಿಂದ ನಮ್ಮ ಲಾಕ್ಷಣಿಕರಲ್ಲಿ ಹತ್ತಿರದ ಹೋಲಿಕೆಯನ್ನು ಹುಡುಕುವುದಾದರೆ ನಷ್ಟ ಉದ್ದಿಷ್ಟಗಳಿಗಿಂತಲೂ ಲಕ್ಷಣಪದ್ಯಗಳ ಕಡೆ ನೋಡಬೇಕು. ವೃತ್ತವೊಂದರ ಲಕ್ಷಣವನ್ನು ಅದೇ ವೃತ್ತದಲ್ಲಿ ಹೇಳುವುದು ಜಯಕೀರ್ತಿ, ನಾಗವರ್ಮ, ಕೇದಾರಭಟ್ಟ ಮೊದಲಾದವರ ಪದ್ಧತಿ. ಅಲ್ಲಿ ಪದ್ಯವು ತಾನೇ ಲಕ್ಷಣ, ತಾನೇ ಲಕ್ಷ್ಯ. ತನ್ನನ್ನು ಕುರಿತು ನುಡಿಯುವ ವಾಕ್ಯ ಅಲ್ಲಿದೆ. ಆದರೆ ಆ ಆತ್ಮೋಕ್ತಿಯಲ್ಲಿ ವಿರೋಧದ ಸುಳಿವಿಲ್ಲ. ಪದ್ಯ ಹೇಳಿದ್ದು ಪದ್ಯದಲ್ಲೇ ನಿಜವಾಗುತ್ತದೆ. ಗ್ಯೋಡೆಲನ ವಾಕ್ಯ ತನ್ನನ್ನು ಕುರಿತು ಇಲ್ಲವೆಂಬುದನ್ನು ನುಡಿಯುತ್ತದೆ, ತನ್ನ ಇಡೀ ವ್ಯವಸ್ಥೆಯ ಎಲ್ಲೆಯನ್ನು ತೋರಿಸುತ್ತದೆ.

ಈ ಸಂದರ್ಭದಲ್ಲಿ ‘ಸಿರಿಭೂವಲಯ’ದ ನೆನಪಾಗುವುದು ಸಹಜ. 27 ಸಾಲು, 27 ಕಂಬಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಗಳನ್ನು ಅಕ್ಷರಗಳಿಗೆ ಬದಲಾಗಿ ಬಳಸಿದ ಆ ಕೃತಿಯ ಕಾಲ, ಕರ್ತೃತ್ವಗಳ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದೇನೇ ಇರಲಿ, ಅಲ್ಲಿಯದು ಅಕ್ಷರಕ್ಕೆ ಅಂಕವನ್ನಿಟ್ಟು ಓದುವ ದಾರಿಯನ್ನು ಮರೆಮಾಡುವ ಬಂಧಕ್ರಮ. ಗ್ಯೋಡೆಲನದು ಮರೆಮಾಡುವ ಸಂಕೇತವಲ್ಲ. ಸೂತ್ರಗಳ ಗುಣವನ್ನು ಲೆಕ್ಕದ ಗುಣವಾಗಿ ಬಯಲಿಗೆ ತರುವ ಸಂಕೇತ. ಇವೆರಡನ್ನೂ ಒಂದೆನ್ನುವುದು ಸಲ್ಲದು.

ಅವಕ್ತವ್ಯವೂ ಅಸಾಧಿತವೂ

ಗ್ಯೋಡೆಲನ ಪ್ರಮೇಯದಿಂದ ಸ್ಯಾದ್ವಾದ ಸಿದ್ಧವಾಯಿತೆಂಬ ಮಾತನ್ನೂ ಪರೀಕ್ಷಿಸಬೇಕು. ಸಪ್ತಭಂಗಿಯಲ್ಲಿ ಸ್ಯಾದವಕ್ತವ್ಯವೆಂಬ ಭಂಗದ ನೆಲೆಯೇನು? ವಸ್ತು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಉಂಟು. ಪರದ ದ್ರವ್ಯಾದಿಗಳಿಂದ ಇಲ್ಲ. ಇವೆರಡನ್ನೂ ಕ್ರಮವಾಗಿ ಹೇಳಬಹುದು. ಎರಡನ್ನೂ ಸಮಪ್ರಾಧಾನ್ಯದಿಂದ ಏಕಕಾಲದಲ್ಲಿ ಹೇಳಬಲ್ಲ ಶಬ್ದವಿಲ್ಲ. ಸಮಂತಭದ್ರರ ‘ಆಪ್ತಮೀಮಾಂಸೆ’ಯ ಪರಂಪರೆಯಲ್ಲಿ ಅವಕ್ತವ್ಯವೆಂಬುದು ವಚನಶಕ್ತಿಯ ಮಿತಿ.

ಗ್ಯೋಡೆಲನ ವಾಕ್ಯ ಇದಕ್ಕೆ ನೇರ ವಿಪರೀತ. ಅದು ಸಂಪೂರ್ಣವಾಗಿ ವಕ್ತವ್ಯ. ಅಂಕಗಣಿತದ ಭಾಷೆಯಲ್ಲಿ ಅದನ್ನು ಕೊನೆಯ ಆವರಣದವರೆಗೆ ಬರೆಯಬಹುದೆಂಬುದರ ಮೇಲೆಯೇ ಸಾಧನೆಯೆಲ್ಲ ನಿಂತಿದೆ. ಅದಕ್ಕೆ ಕೊರತೆಯಿರುವುದು ಸಾಧನೆಯದು, ಶಬ್ದದ್ದಲ್ಲ. ವ್ಯವಸ್ಥೆಯಲ್ಲಿ ವಿರೋಧವಿಲ್ಲವಾದರೆ, ಹೊರಗೆ ನಿಂತು ನೋಡುವವನಿಗೆ ಅದು ಸತ್ಯವೆಂದೂ ಕಾಣುತ್ತದೆ. ಹೇಳಲಾಗದ್ದು ಬೇರೆ, ಹೇಳಿದ್ದನ್ನು ಸಾಧಿಸಲಾಗದ್ದು ಬೇರೆ. ಈ ಎರಡನ್ನು ಬೆರೆಸಿದರೆ ಅವಕ್ತವ್ಯದ ಸೂಕ್ಷ್ಮತೆಯೇ ಕಳೆದುಹೋಗುತ್ತದೆ. ಅದು ‘ತಿಳಿಯದು’ ಎಂಬ ಸಂಶಯವಾದದ ಮಾತಾಗಿ ಕುಗ್ಗುತ್ತದೆ. ಸ್ಯಾದ್ವಾದವನ್ನು ಸಂಶಯವಾದವೆಂದು ಕರೆದ ಪ್ರತಿವಾದಿಗಳಿಗೆ ಅಕಲಂಕ, ವಿದ್ಯಾನಂದರು ಕೊಟ್ಟ ಉತ್ತರಗಳೆಲ್ಲ ಹೀಗೆ ನಮ್ಮ ಕೈಯಿಂದಲೇ ವ್ಯರ್ಥವಾಗುತ್ತವೆ.

ಒಂದು ಸೀಮಿತ ಹೋಲಿಕೆಗೆ ಮಾತ್ರ ಇಲ್ಲಿ ಎಡೆಯುಂಟು. ‘ಅಸಾಧಿತ’ ಎಂಬುದು ಸದಾ ಸಾಪೇಕ್ಷ. ಗ್ಯೋಡೆಲನ ವಾಕ್ಯವನ್ನೇ ಹೊಸ ಸ್ವಯಂಸಿದ್ಧವಾಗಿ ಸೇರಿಸಿಕೊಂಡರೆ ವಿಸ್ತೃತ ವ್ಯವಸ್ಥೆಯಲ್ಲಿ ಅದು ಸಾಧಿತ. ಆಗ ಆ ವ್ಯವಸ್ಥೆಗೆ ಬೇರೊಂದು ಅಸಾಧಿತ ವಾಕ್ಯ ಹುಟ್ಟುತ್ತದೆ. ಯಾವ ವ್ಯವಸ್ಥೆಯ ಅಪೇಕ್ಷೆಯಿಂದ ಎಂಬುದನ್ನು ಹೇಳದೆ ‘ಸಾಧಿಸಲಾಗದು’ ಎನ್ನುವುದು, ನಯವನ್ನು ಹೇಳದೆ ‘ಇಲ್ಲ’ ಎನ್ನುವಷ್ಟೇ ಅಪೂರ್ಣ. ಇದು ಅರ್ಥಮಾಡಿಕೊಳ್ಳಲು ನೆರವಾಗುವ ದೃಷ್ಟಾಂತ. ದೃಷ್ಟಾಂತವು ಹೇತುವಲ್ಲವೆಂಬುದನ್ನು ನ್ಯಾಯಶಾಸ್ತ್ರ ಓದಿದವರಿಗೆ ಮತ್ತೆ ಹೇಳಬೇಕಿಲ್ಲ.

ಗ್ಯೋಡೆಲನ ಸಂಕೇತಕ್ರಮದ ಮುಂದಿನ ಕಥೆ ಎಲ್ಲರ ಕೈಯಲ್ಲಿದೆ. 1936ರಲ್ಲಿ ಅಲನ್ ಟ್ಯೂರಿಂಗ್ ಲೆಕ್ಕ ಮಾಡುವ ಯಂತ್ರದ ವರ್ಣನೆಯನ್ನೇ ಸಂಖ್ಯೆಯಾಗಿ ಬರೆದು, ಅದನ್ನು ಇನ್ನೊಂದು ಯಂತ್ರಕ್ಕೆ ಉಣಿಸಬಹುದೆಂದು ತೋರಿಸಿದ. ಇಂದಿನ ಗಣಕದಲ್ಲಿ ಕಾರ್ಯಕ್ರಮವೂ ಸಂಖ್ಯೆ, ಅದು ದುಡಿಯುವ ಪಠ್ಯವೂ ಸಂಖ್ಯೆ. ಯೂನಿಕೋಡ್ ಕ್ರಮದಲ್ಲಿ ಕನ್ನಡದ ‘ಅ’ಕಾರಕ್ಕೆ 3205, ‘ಕ’ಕಾರಕ್ಕೆ 3221. ಹಳಗನ್ನಡ ಕಾವ್ಯಗಳನ್ನು ಗಣಕದಲ್ಲಿ ಹುಡುಕುವ ಸಂಶೋಧಕ ದಿನನಿತ್ಯ ಬಳಸುತ್ತಿರುವುದು ಅಕ್ಷರಗಳ ಉದ್ದಿಷ್ಟ ನಷ್ಟಗಳನ್ನೇ.

ಇಷ್ಟು ಪರಾಮರ್ಶೆಯಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಪರಂಪರೆಗೆ ಇಲ್ಲದ ಕಿರೀಟವನ್ನು ತೊಡಿಸುವ ಉತ್ಸಾಹದಲ್ಲಿ ಅದರ ತಲೆಯ ಮೇಲೆ ಈಗಾಗಲೇ ಇರುವುದನ್ನು ನಾವು ಕಾಣದೆ ಹೋಗುತ್ತೇವೆ. ನೇಮಿಚಂದ್ರಾಚಾರ್ಯರು ಅಪೂರ್ಣತೆಯ ಪ್ರಮೇಯವನ್ನು ಸಾಧಿಸಲಿಲ್ಲ. ಅವರು ಮುನಿಯ ಮನಸ್ಸು ಜಾರುವ ಎಂಬತ್ತು ದಾರಿಗಳಿಗೆ ಒಂದೊಂದು ಸಂಖ್ಯೆಯನ್ನು ಕೊಟ್ಟು, ಯಾವ ಸಂಖ್ಯೆಯಿಂದಲಾದರೂ ಆ ದೋಷವನ್ನು ಗುರುತಿಸುವ ನಿಯಮವನ್ನು ಗಾಥೆಗಳಲ್ಲಿ ಹಿಡಿದಿಟ್ಟರು. ಕೇಶವವರ್ಣಿ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಉಪಾಧ್ಯೆ ಮತ್ತು ಕೈಲಾಶಚಂದ್ರ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಭಾರತೀಯ ಜ್ಞಾನಪೀಠವು ಈ ವೃತ್ತಿಯನ್ನು ಪ್ರಕಟಿಸಿದೆ. ಹಳಗನ್ನಡ ಬಲ್ಲವರೂ ಗಣಿತ ಬಲ್ಲವರೂ ಒಟ್ಟಿಗೆ ಕುಳಿತು ಅದರ ನಷ್ಟ, ಸಮುದ್ದಿಷ್ಟ ಪ್ರಕರಣಗಳನ್ನು ಸಾಲು ಸಾಲಾಗಿ ಓದುವ ಕೆಲಸ ಆಗಬೇಕಾಗಿದೆ. ಹಾಗೆ ಓದಿದವರಿಗೆ ಗ್ಯೋಡೆಲನೂ ಹೆಚ್ಚು ಸುಲಭನಾಗುತ್ತಾನೆ, ಗೊಮ್ಮಟಸಾರವೂ ಹೆಚ್ಚು ಸಮೀಪವಾಗುತ್ತದೆ.